ನಳ ಬಾಗಿಲಿನ ಹೊರಗೆ

ಹಾವೇರಿಯಿಂದ ಹೊರಟ ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ ಮುಂದಿನ ಸೀಟಿನಲ್ಲಿದ್ದ ಅಜ್ಜ ಕೆಮ್ಮಿದ. ಆಮೇಲೆ ಅವನ ಹಿಂದೆ ಕುಳಿತವರು. ನಮ್ಮೂರು ಹತ್ತಿರವಾದಂತೆ ಇಡೀ ಬಸ್ಸೇ ಕೆಮ್ಮತೊಡಗಿತು. ಒಬ್ಬ ತಾಯಿ ಕೂಸಿನ ಮುಖಕ್ಕೆ ಸೆರಗು ಹೊದಿಸಿದಳು. ಪಕ್ಕದಲ್ಲಿ ಕುಳಿತಿದ್ದ, ಬ್ಯಾಂಕಿನವನಂತೆ ಕಾಣುತ್ತಿದ್ದ ಹುಡುಗ ಕರವಸ್ತ್ರ ಮೂಗಿಗೆ ಹಿಡಿದು, "ಕಿಡಕಿ ಹಾಕ್ರಿ ಅಕ್ಕಾರ" ಅಂದ. "ನಿಮಗ ತ್ರಾಸ ಆದ್ರ ಆ ಕಡೆ ಹೋಗಿ ಕುಂದ್ರಿ" ಅಂದು ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಮೆಣಸಿನಕಾಯಿ ಘಾಟು. ಸುಗ್ಗಿ ಶುರುವಾಗಿದೆ ಎಂದು ನಮ್ಮ ಕಡೆ ಯಾರೂ ಯಾರಿಗೂ ಹೇಳಬೇಕಾಗಿಲ್ಲ, ಮೂಗೇ ಹೇಳುತ್ತದೆ.

ಈ ಘಾಟು ಮೂಗಿಗೆ ಬಡಿದರೆ ನನಗೆ ಒಂದೇ ಒಂದು ಸುಗ್ಗಿ ನೆನಪಾಗುತ್ತದೆ. ಆಗ ನಾನು ಊರ ಪುರಸಭೆಯ ಸದಸ್ಯಳಾಗಿದ್ದೆ. ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾದಾಗ ಓಣಿಯ ಹಿರಿಯರೆಲ್ಲ ಕೂಡಿ ಬಂದದ್ದು ನನ್ನ ಹತ್ತಿರವಲ್ಲ, ನಮ್ಮ ಮನೆಯವರ ಹತ್ತಿರ. ಹೆಸರಿಗೆ ಹಸೀನಾ, ಕೆಲಸಕ್ಕೆ ದಾದಾಪೀರ್ ಎಂಬುದು ಅವರ ಲೆಕ್ಕ. ನಮ್ಮ ಮನೆಯವರು ಹಾವೇರಿ–ಅಗಡಿ ಬಸ್ಸಿನ ಕಂಡಕ್ಟರು. ಬಂದವರಿಗೆಲ್ಲ ಚಹಾ ಕೊಟ್ಟು, "ನನಗ ಟಿಕೆಟ್ ಕೊಡೂದು ಗೊತ್ತೈತಿ, ಕೇಳೂದು ಗೊತ್ತಿಲ್ಲ. ಆಕಿನ್ನ ಕೇಳ್ರಿ. ಆದ್ರ ಒಂದ ಮಾತ ಮದಲ ಹೇಳ್ತೇನಿ. ಆರಿಸಿ ಬಂದಮ್ಯಾಲ ಆಕಿ ನಿಮ್ಮ ಮಾತ ಕೇಳ್ತಾಳ ಅಂತ ತಿಳೀಬ್ಯಾಡ್ರಿ. ಇಷ್ಟ ವರ್ಷ ನನ್ನ ಮಾತ ಕೇಳಿಲ್ಲ" ಅಂದರು. ಹಿರಿಯರು ನಕ್ಕರು. ಆಮೇಲೆ ಆ ನಗು ಅವರಿಗೇ ತುಟ್ಟಿಯಾಯಿತು ಅನ್ನಿ.

ಪುರಸಭೆ ಎಂದರೆ ಹೊರಗಿನವರು ಏನೇನೋ ತಿಳಿದಿರುತ್ತಾರೆ. ಒಳಗೆ ಹೋಗಿ ಕುಳಿತರೆ ಗೊತ್ತಾಗುತ್ತದೆ, ಅದು ಗಟಾರ, ಬೀದಿದೀಪ, ನೀರು, ಹಂದಿ, ನಾಯಿ ಇಷ್ಟೇ. ಇಷ್ಟೇ ಎಂದೆ, ಆದರೆ ಮನುಷ್ಯ ಬದುಕುವುದೂ ಇಷ್ಟರ ಮೇಲೆಯೇ. ಸಾಮಾನ್ಯ ಸಭೆಯಲ್ಲಿ ಗುಮಾಸ್ತರು ಎದ್ದು ನಿಂತು ವಿಷಯ ಓದುತ್ತಿದ್ದರು. ಅವರ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ "ಮಂಜೂರ್, ಮಂಜೂರ್" ಎಂದು ಎಲ್ಲರೂ ಮೇಜು ಕುಟ್ಟುತ್ತಿದ್ದರು. ಹೊರಗೆ ಮಿರ್ಚಿ ಕರಿಯುವ ವಾಸನೆ ಬಂತೆಂದರೆ ಓದುವವರೂ ಅವಸರ, ಕುಟ್ಟುವವರೂ ಅವಸರ. ಮಾಜಿ ಸದಸ್ಯರೊಬ್ಬರು ತೀರಿಕೊಂಡ ವಿಷಯ ಓದಿದಾಗಲೂ ಹಿಂದಿನ ಸಾಲಿನಿಂದ ಒಬ್ಬರು "ಮಂಜೂರ್" ಅಂದದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಅಂಥ ಸಭೆಯಲ್ಲಿ ನನಗೆ ಒಂದು ಕೆಲಸ ಆಗಬೇಕಾಗಿತ್ತು. ಅದು ದ್ಯಾಮಕ್ಕನದು.

ದ್ಯಾಮಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನನಗಿಂತ ಹತ್ತು ವರ್ಷಕ್ಕೆ ಹಿರಿಯಳು. ಸುಗ್ಗಿ ಬಂತೆಂದರೆ ಗೋಡೌನುಗಳ ಸಾಲಿಗೆ ತುಂಬು ಬಿಡಿಸಲು ಹೋಗುತ್ತಿದ್ದಳು. ತುಂಬು ಎಂದರೆ ಮೆಣಸಿನಕಾಯಿಯ ತೊಟ್ಟು. ನೂರಾರು ಹೆಣ್ಣುಮಕ್ಕಳು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೆಂಪು ರಾಶಿಗಳ ಸುತ್ತ ಕುಳಿತು, ಒಂದೊಂದೇ ಕಾಯಿ ಎತ್ತಿ ತೊಟ್ಟು ಮುರಿದು ಆ ಕಡೆ ಎಸೆಯುತ್ತಾರೆ. ಮುಂಜಾನೆ ಕುಳಿತರೆ ಸಂಜೆಗೇ ಏಳುವುದು. ಮನೆಗೆ ಬಂದಮೇಲೂ ಕೈ ಉರಿಯುತ್ತಿರುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕುಳಿತಿರುತ್ತಾರೆ. ದ್ಯಾಮಕ್ಕ ಸುಗ್ಗಿ ಮುಗಿಯುವವರೆಗೆ ತನ್ನ ಮೊಮ್ಮಗಳ ಕೆನ್ನೆ ಮುಟ್ಟುತ್ತಿರಲಿಲ್ಲ. ಮಗಳು, ಮೊಮ್ಮಗಳು ಇಬ್ಬರೂ ಆಕೆಯ ಜೊತೆಗೇ ಇದ್ದರು. ಒಲೆ ಹೊತ್ತುತ್ತಿದ್ದುದು ಆಕೆಯ ದುಡಿಮೆಯಿಂದ.

ಆ ಸಲ ಸುಗ್ಗಿ ಶುರುವಾದ ಕೆಲವೇ ದಿನಕ್ಕೆ ಆಕೆಗೆ ಚಳಿಜ್ವರ ಬಂತು. ಬೆನ್ನು ಹಿಡಿದುಕೊಂಡು ಕುಂಯ್ ಅನ್ನುತ್ತಿದ್ದಳು, ಕೇಳಿದರೆ ಏನೂ ಇಲ್ಲ ಅನ್ನುತ್ತಿದ್ದಳು. ನಾನು ಎಳೆದುಕೊಂಡೇ ರಾಣೆಬೆನ್ನೂರಿಗೆ, ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಕೇಳಿದರು, "ದಿನಕ್ಕ ಎಷ್ಟ ನೀರ ಕುಡೀತೀರಿ?"

"ಮುಂಜಾನೆ ಚಾ ಕುಡೀತೇನ್ರಿ."

"ಚಾ ಅಲ್ಲ, ನೀರು."

"ಸಂಜೀಕ ಮನೀಗೆ ಬಂದಮ್ಯಾಲ್ರಿ."

"ನಡುವ?"

ದ್ಯಾಮಕ್ಕ ನನ್ನ ಮುಖ ನೋಡಿದಳು. ಆಮೇಲೆ ಡಾಕ್ಟರ ಮುಖ. "ನಡುವ ಕುಡದ್ರ ಎಲ್ಲಿ ಹೋಗ್ಲಿರಿ?" ಅಂದಳು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಉರಿಮೂತ್ರ ಹಳೆಯದಾಗಿದೆ, ಈಗ ಕಿಡ್ನಿಯವರೆಗೆ ಹೋಗುತ್ತಿದೆ ಎಂದು ನನಗೆ ತಿಳಿಸಿ ಹೇಳಿದರು. ಆಕೆಗೆ ಹೇಳಿದ್ದು ಎರಡೇ ಮಾತು. "ದಿನಾ ನೀರ ಕುಡೀರಿ. ಇಲ್ಲಾ ಆ ಕೆಲಸಾ ಬಿಡ್ರಿ. ಎರಡರಾಗ ಒಂದ ಆಗಬೇಕು, ಇಲ್ಲಂದ್ರ ಜೀವಕ್ಕ ಬರ್ತೈತಿ."

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ, "ಕೆಲಸಾ ಬಿಟ್ರ ತಿನ್ನೂದೇನ ತಂಗೀ?" ಅಂದಳು.

"ಬಿಡಬ್ಯಾಡ. ನಾ ಮಾಡಸ್ತೇನಿ" ಅಂದೆ. ಏನು ಮಾಡಿಸುತ್ತೇನೆ, ಹೇಗೆ ಮಾಡಿಸುತ್ತೇನೆ, ಒಂದೂ ಗೊತ್ತಿರಲಿಲ್ಲ. ಸಿಟ್ಟು ಮಾತ್ರ ಬಹಳ ಬಂದಿತ್ತು.

ಮರುದಿನ ಪುರಸಭೆಗೆ ಹೋಗಿ ಕೇಳಿದರೆ, ಗೋಡೌನ್ ಸಾಲಿನ ತುದಿಗೆ ಹೆಣ್ಣುಮಕ್ಕಳ ಶೌಚಾಲಯ ಕಟ್ಟುವುದು ಆ ವರ್ಷದ ಯೋಜನೆಯಲ್ಲಿ ಆಗಲೇ ಇತ್ತು. ಯಾರು ಯಾವಾಗ ಸೇರಿಸಿದ್ದರೋ. ಮಂಜೂರ್ ಅಂದವರಲ್ಲಿ ನಾನೂ ಇದ್ದಿರಬೇಕು. ಖುಷಿಯಾಗಿ ನಕ್ಷೆ ನೋಡಿದೆ. ನೋಡಿದ ಕೂಡಲೇ ಖುಷಿ ಇಳಿಯಿತು. ಬಾಗಿಲು ತೆರೆದು ಒಳಗೆ ಹೋಗಬೇಕು, ಸಣ್ಣ ಸಣ್ಣ ಖೋಲಿ, ಅವನ್ನೆಲ್ಲ ದಾಟಿದ ಮೇಲೆ ಕೊನೆಯ ಗೋಡೆಗೆ ಒಂದು ನಳ. ಇದೇ ನಕ್ಷೆಯ ಇನ್ನೊಂದು ಶೌಚಾಲಯವನ್ನು ಆಚೆ ಓಣಿಯಲ್ಲಿ ಮೊದಲೇ ಕಟ್ಟಿದ್ದರು. ತುಂಬು ಬಿಡಿಸುವವರು ಒಂದು ಸಲ ಹೋಗಿ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಅದರಲ್ಲಿ ಪೊರಕೆ, ಬ್ಲೀಚಿಂಗ್ ಪುಡಿಯ ಡ್ರಮ್ಮು ಇಟ್ಟಿದ್ದರು. ನಮ್ಮ ಹೆಣ್ಣುಮಕ್ಕಳಿಗೆ ತಿಳುವಳಿಕೆ ಇಲ್ಲ ಎಂದು ಸಭೆ ತೀರ್ಮಾನಿಸಿ, ತಿಳುವಳಿಕೆಯ ಬೋರ್ಡೊಂದನ್ನೂ ಹಾಕಿಸಿತ್ತು.

ಯಾಕೆ ಹೋಗಲಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಮನೆಯಲ್ಲಿ ನಾಲ್ಕು ಮೆಣಸಿನಕಾಯಿ ಮುರಿದ ಕೈಯಿಂದ ಕಣ್ಣು ಉಜ್ಜಿಕೊಂಡವರಿಗೂ ಗೊತ್ತು. ದಿನವೆಲ್ಲ ಕಾಯಿ ಮುರಿದ ಕೈಯನ್ನು ಮೊದಲು ಸೋಪು ಹಚ್ಚಿ, ಮೊಣಕೈಯವರೆಗೆ ತಿಕ್ಕಿ ತೊಳೆಯಬೇಕು. ಆಮೇಲೆ ಸೀರೆ ಮುಟ್ಟಬೇಕು. ತೊಳೆಯದೆ ಒಳಗೆ ಹೋದರೆ ಬಾಗಿಲಿನ ಅಗಳಿಗೆ ಖಾರ, ಬಕೀಟಿಗೆ ಖಾರ, ಮಗ್ಗಿಗೆ ಖಾರ. ಮುಂದೆ ಬರುವವಳಿಗೂ ಅದೇ ಪ್ರಸಾದ. ಅದಕ್ಕೇ ನೀರು ಬಾಗಿಲಿಗಿಂತ ಮೊದಲು ಸಿಗಬೇಕು. ಇಷ್ಟೇ ವಿಷಯ. ಗೊತ್ತಿದ್ದವರು ಊರ ತುಂಬ ಇದ್ದರು, ಸಭೆಯಲ್ಲಿ ಬಾಯಿಬಿಟ್ಟು ಹೇಳುವವರು ಮಾತ್ರ ಇರಲಿಲ್ಲ.

ಇಂಜಿನಿಯರು ಇನ್ನೂ ಹೊಸಬ, ನಮ್ಮ ಕಡೆಯವನೇ. "ಖರೇ ಐತ್ರೀ ಅಕ್ಕಾರ. ಆದ್ರ ಇದು ಮ್ಯಾಲಿಂದ ಬಂದ ಮಾದರಿ ನಕ್ಷೆ. ಬದ್ಲಿ ಮಾಡಬೇಕಂದ್ರ ಸಭಾದಾಗ ಠರಾವ್ ಆಗಬೇಕು" ಅಂದ.

ಮುಂದಿನ ಸಭೆಯಲ್ಲಿ ಎದ್ದು ನಿಂತೆ. ಧೈರ್ಯದವಳೆಂದು ನನ್ನನ್ನು ನಾನು ತಿಳಿದುಕೊಂಡಿದ್ದೆ, ಅಷ್ಟೊಂದು ಗಂಡಸರ ಮುಖ ನೋಡಿದ ಕೂಡಲೇ ನಾಲಿಗೆ ಮಡಚಿತು. "ಕೈ ತೊಳೆಯುವ ಸೌಕರ್ಯ ಹೊರಗಡೆ ಇದ್ದರೆ ಮಹಿಳೆಯರಿಗೆ ಅನುಕೂಲವಾಗುತ್ತದೆ" ಎಂದು ಪುಸ್ತಕ ಓದಿದಂತೆ ಹೇಳಿದೆ. "ಒಳಗ ಐತಲ್ರೀ. ಹೋಗಿ ಬಂದಮ್ಯಾಲ ತೊಳಕೋತಾರ" ಎಂದರು ಒಬ್ಬ ಸದಸ್ಯರು. ನಗು ಎದ್ದಿತು. ಮುಂದೂಡಲಾಗಿದೆ ಎಂದು ಗುಮಾಸ್ತರು ಬರೆದುಕೊಂಡರು, ಮಿರ್ಚಿ ಬಂತು.

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನಂದಿ ಸಭಾದಾಗ? ಹಂಗ ಹೇಳಿ ತೋರಸು" ಅಂದರು. ಹೇಳಿದೆ. ಅವರು ತಲೆ ಕೆರೆದುಕೊಂಡರು.

"ನನಗ ತಿಳೀಲಿಲ್ಲ. ಅವರಿಗೆ ಹ್ಯಾಂಗ ತಿಳೀಬೇಕು? ಸ್ಟಾಪಿನ ಹೆಸರು ಒದರಿ ಹೇಳಬೇಕು ಹಸೀನಾ. ಮೆಲ್ಲಕ ಅಂದ್ರ ಯಾರೂ ಇಳಿಯಂಗಿಲ್ಲ."

ಅದರ ಮುಂದಿನ ಸಭೆಗೆ ನಾನು ಒದರಲು ತಯಾರಾಗಿಯೇ ಹೋದೆ. ನಮ್ಮ ಅಧ್ಯಕ್ಷರು ಮಲ್ಲಣ್ಣ ಸಾವ್ಕಾರರು. ಮೆಣಸಿನಕಾಯಿ ದಲಾಲಿ ಅಂಗಡಿಯ ಮನೆತನ. ಗಾದಿಯ ಮೇಲೆ ತಮ್ಮನನ್ನು ಕೂರಿಸಿ ತಾವು ರಾಜಕೀಯಕ್ಕೆ ಇಳಿದು ಬಹಳ ವರ್ಷವಾಗಿತ್ತು. ಕೆಟ್ಟ ಮನುಷ್ಯರಲ್ಲ, ದೊಡ್ಡಸ್ತಿಕೆ ಸ್ವಲ್ಪ ಹೆಚ್ಚು. ಗುಮಾಸ್ತರು ನನ್ನ ವಿಷಯ ಓದುತ್ತಿದ್ದಂತೆಯೇ ಎದ್ದೆ.

"ಅಧ್ಯಕ್ಷರ, ಮೆಣಸಿನಕಾಯಿ ಕೈಲೆ ಒಂದಕ್ಕ ಹೋದ್ರ ಏನಾಗ್ತೈತಿ ಅಂತ ಇಲ್ಲಿ ಕುಂತವರಿಗೆ ಯಾರಿಗಾರ ಗೊತ್ತೈತೇನ್ರಿ?"

ಗುಮಾಸ್ತರ ಪೆನ್ನು ಅಲ್ಲೇ ನಿಂತಿತು.

"ಅಕ್ಕಾರ, ಇದು ಸಭಾ. ಎಲ್ಲಾ ನಡಾವಳಿಯೊಳಗ ಬರೀತಾರ" ಅಂದರು ಅಧ್ಯಕ್ಷರು.

"ಬರೀಲಿ. ದಪ್ಪ ಅಕ್ಷರದಾಗ ಬರೀಲಿ. ಮುಂಜಾನಿಂದ ಸಂಜೀತನಾ ಬಾಯಿಗೆ ಹನಿ ನೀರ ಹಾಕ್ಕೊಳ್ಳದ ಕುಂದರತಾರ ಆ ಹೆಣ್ಮಕ್ಕಳು. ಯಾಕಂದ್ರ ಕುಡದ್ರ ಹೋಗಬೇಕು, ಹೋದ್ರ ಉರಿ. ನನ್ನ ಬಾಜೂ ಮನಿಯಾಕಿಗೆ ಕಿಡ್ನಿಗೆ ಬಂದೈತಿ. ನೀವು ಕಟ್ಟೂ ಪಾಯಖಾನಿಗೆ ನಳ ಹೊರಗ ಇಡ್ಲಿಲ್ಲಂದ್ರ ಅದರಾಗೂ ಪೊರಕಿ ಇಡಬೇಕಾಗ್ತೈತಿ."

ಮಲ್ಲಣ್ಣನವರು ಕನ್ನಡಕ ಸರಿಮಾಡಿಕೊಂಡು ನಕ್ಕರು. "ನಮ್ಮ ಕಾಯಿ ಬಣ್ಣದ್ದು ಹಸೀನಕ್ಕಾರ. ದೇಶದ ತುಂಬ ಗೊತ್ತೈತಿ. ಖಾರ ಎಲ್ಲೈತಿ ಅದರಾಗ? ನಾ ಹುಟ್ಟಿದ್ದ ಮೆಣಸಿನಕಾಯಿ ರಾಶಿ ಮ್ಯಾಲ. ಇಷ್ಟ ವಯಸ್ಸಾತು, ನನ್ನ ಕೈ ಉರದಿಲ್ಲ."

"ಹಂಗಾರ ಜಾಗಾ ನೋಡಾಕ ಬರ್ರಿ. ಅಲ್ಲೇ ಮಾತಾಡೂಣು."

ಸ್ಥಳ ಪರಿಶೀಲನೆ ಮಾಡಿ ನಿರ್ಣಯ ಕೈಗೊಳ್ಳುವುದು ಎಂದು ಬರೆದರು. ಮಂಜೂರ್ ಅಂದರು. ನನ್ನ ಕಣ್ಣು ತಪ್ಪಿಸಿ ನೋಡುತ್ತಿದ್ದವರೇ ಹೆಚ್ಚು ಜೋರಾಗಿ ಅಂದರು.

ಪರಿಶೀಲನೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಅಧ್ಯಕ್ಷರು ಗರಿಗರಿ ಬಿಳಿ ಅಂಗಿ ತೊಟ್ಟು ಬಂದರು. ಹಿಂದೆ ಮೂರ್ನಾಲ್ಕು ಸದಸ್ಯರು, ಇಂಜಿನಿಯರು, ಮುಖ್ಯಾಧಿಕಾರಿ. ಈ ಮುಖ್ಯಾಧಿಕಾರಿ ತುಮಕೂರು ಕಡೆಯವರು, ಘಾಟಿಗೆ ಇನ್ನೂ ಒಗ್ಗಿರಲಿಲ್ಲ, ಎರಡೂ ಕಣ್ಣಲ್ಲಿ ನೀರು ಸುರಿಸುತ್ತಲೇ ನಡೆಯುತ್ತಿದ್ದರು. ದ್ಯಾಮಕ್ಕ ಮತ್ತು ಆಕೆಯ ಜೊತೆಯವರು ರಾಶಿಯ ಸುತ್ತ ಕುಳಿತು ಕೆಲಸ ಮಾಡುತ್ತಿದ್ದರು.

ಮಲ್ಲಣ್ಣನವರು ರಾಶಿಯ ಹತ್ತಿರ ನಿಂತು ಒಂದು ಕಾಯಿ ಎತ್ತಿಕೊಂಡರು. ಹೊರಗಿನ ಅಧಿಕಾರಿಯ ಮುಂದೆ ಊರ ಹೆಮ್ಮೆ ತೋರಿಸುವ ಹುಮ್ಮಸ್ಸು. ಕಾಯಿಯನ್ನು ಮುರಿದು, ಬೀಜ ಉದುರಿಸಿ, ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಗಸಗಸ ತಿಕ್ಕಿದರು. "ನೋಡ್ರಿ ಸಾಹೇಬ್ರ, ಬಣ್ಣ ನೋಡ್ರಿ. ತುಟಿಗೆ ಹಚ್ಚಿಕೊಂಡ್ರೂ ಏನಾಗಂಗಿಲ್ಲ. ಇದು ನಮ್ಮ ಕಾಯಿ."

ಅದು ಅವರು ತಿಳಿದಿದ್ದ ಕಾಯಿ ಆಗಿರಲಿಲ್ಲ. ಇತ್ತೀಚೆಗೆ ಹೊಸ ತಳಿಯ ಬೀಜದ ಬೆಳೆ ದೂರದೂರದಿಂದ ನಮ್ಮ ಪೇಟೆಗೆ ಬರುತ್ತದೆ. ನೋಡಲು ನಮ್ಮದರಂತೆಯೇ ಉದ್ದ, ನಮ್ಮದರಂತೆಯೇ ಸುಕ್ಕು, ಒಳಗೆ ಮಾತ್ರ ಬೆಂಕಿ. ದಿನಾ ಮುರಿಯುವವರ ಬೆರಳಿಗೆ ಗೊತ್ತಾಗುತ್ತದೆ, ಗಾದಿ ಬಿಟ್ಟು ವರ್ಷಗಳಾದ ಸಾವ್ಕಾರರಿಗೆ ಎಲ್ಲಿಂದ ಗೊತ್ತಾಗಬೇಕು. ದ್ಯಾಮಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ರಾಶಿಯನ್ನು ನೋಡಿದೆ. ಹೇಳಬಹುದಿತ್ತು, ಹೇಳಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ಎಳ್ಳಷ್ಟೂ ಬೇಜಾರಿಲ್ಲ.

ಗೋಡೌನಿನವರು ಲಿಂಬು ಶರಬತ್ತು ತರಿಸಿದರು. ಬಿಸಿಲಿಗೆ ಎಲ್ಲರೂ ಕುಡಿದರು, ಅಧ್ಯಕ್ಷರು ಎರಡು ಗ್ಲಾಸು ಕುಡಿದರು. ಸ್ವಲ್ಪ ಹೊತ್ತಾದ ಮೇಲೆ "ಬಂದೆ" ಅಂದು ಗೋಡೌನಿನ ಹಿಂದಕ್ಕೆ ಹೋದರು. ಗಂಡಸರಿಗೇನು, ಊರಲ್ಲಿ ಎಷ್ಟು ಗೋಡೆಗಳಿವೆಯೋ ಅಷ್ಟೂ ಅವರವೇ.

ನಾವು ಕಾದೆವು. ತಿರುಗಿ ಬರುವಾಗ ಮೊದಲಿಗೆ ನೆಟ್ಟಗೇ ನಡೆಯುತ್ತಿದ್ದರು. ಅರ್ಧ ದಾರಿಯಲ್ಲಿ ನಿಂತರು. ಹಣೆಯ ಮೇಲೆ ಬೆವರು ಒಡೆಯಿತು. ಇನ್ನೆರಡು ಹೆಜ್ಜೆ ಇಟ್ಟು ಮತ್ತೆ ನಿಂತರು. ಮುಖ ಕಾಯಿಯ ಬಣ್ಣಕ್ಕೆ ತಿರುಗಿತ್ತು.

"ನೀರ... ನೀರ ಎಲ್ಲೈತ್ರೆವಾ?"

ಆ ಜಾಗದಲ್ಲಿ ನೀರೆಂಬುದು ಇದ್ದದ್ದು ಹೆಣ್ಣುಮಕ್ಕಳು ಬಾಯಿ ಮುಕ್ಕಳಿಸಲು ತಂದಿಟ್ಟುಕೊಂಡ ಒಂದು ಪ್ಲಾಸ್ಟಿಕ್ ಕೊಡದಲ್ಲಿ ಮಾತ್ರ. ದ್ಯಾಮಕ್ಕ ಎದ್ದು, ಕೊಡವನ್ನು ತಂದು ಅವರ ಮುಂದಿಟ್ಟು, ತಲೆ ತಗ್ಗಿಸಿಕೊಂಡು ಹಿಂದೆ ಸರಿದಳು. ಅಧ್ಯಕ್ಷರು ಕೊಡ ಎತ್ತಿಕೊಂಡು ಮತ್ತೆ ಗೋಡೆಯ ಹಿಂದೆ ಹೋದರು. ಹೆಣ್ಣುಮಕ್ಕಳು ಮೂಗು ಬಾಯಿಗೆ ಮೊದಲೇ ಬಟ್ಟೆ ಕಟ್ಟಿದ್ದರಿಂದ ನಗು ಯಾರಿಗೂ ಕಾಣಲಿಲ್ಲ. ಹೆಗಲುಗಳು ಮಾತ್ರ ಕುಣಿಯುತ್ತಿದ್ದವು.

ಬಹಳ ಹೊತ್ತಿಗೆ ಬಂದರು. ಕೊಡ ಖಾಲಿಯಾಗಿತ್ತು, ಬಿಳಿ ಅಂಗಿ ತೊಯ್ದು ತೊಪ್ಪೆಯಾಗಿತ್ತು.

"ಇಂಜಿನಿಯರ್ರ."

"ಸರ್."

"ನಳ ಹೊರಗ ಇಡ್ರಿ."

"ಎಷ್ಟ ಇಡ್ಲಿ ಸರ್?"

"ಎಷ್ಟ ಹಿಡೀತಾವ ಅಷ್ಟೂ ಇಡ್ರಿ."

ಹಿಂದೆ ನಿಂತಿದ್ದ ಸದಸ್ಯರು ರೂಢಿಬಲದಿಂದ "ಮಂಜೂರ್" ಅಂದುಬಿಟ್ಟರು. ಅಧ್ಯಕ್ಷರು ಯಾರ ಮುಖವನ್ನೂ ನೋಡದೆ ಹೋಗಿ ಕಾರಿನಲ್ಲಿ ಕುಳಿತರು.

ಆಮೇಲೆ ಕಟ್ಟಡ ಏಳುವವರೆಗೆ ನಾನು ದಿನಾ ಅಲ್ಲಿಗೆ ಹೋಗಿ ನಿಂತೆ. ಕಂಟ್ರಾಕ್ಟರನಿಗೆ ನನ್ನನ್ನು ಕಂಡರೆ ತಲೆನೋವು. ಅವನು ತಿರುಗಿಸುವ ನಳ ತಂದಿದ್ದ. ಖಾರದ ಕೈಯಿಂದ ತಿರುಗಿಸಿದರೆ ತೊಳೆದ ಕೈಗೆ ಮತ್ತೆ ಖಾರವೇ ಹತ್ತುತ್ತದೆ. ರಾಣೆಬೆನ್ನೂರಿನ ಆ ಡಾಕ್ಟರು ಮೊಣಕೈಯಿಂದ ಒತ್ತಿ ಕೈ ತೊಳೆಯುವುದನ್ನು ನೋಡಿದ್ದೆ. ಅಂಥದೇ ಉದ್ದ ಹಿಡಿಕೆಯ ನಳ ಬೇಕು ಎಂದು ಹಟ ಹಿಡಿದೆ. "ಇದೇನ ಆಪರೇಶನ್ ಥಿಯೇಟರ್ ಏನ್ರೀ ಮೇಂಬರ್ರ?" ಅಂದ. "ಹೌದಂತ ತಿಳಕೋ" ಅಂದೆ. ಗೊಣಗುತ್ತ ಹೋಗಿ ತಂದು ಹಾಕಿದ. ಬಾಗಿಲಿಗಿಂತ ನಾಲ್ಕು ಮಾರು ಮೊದಲು ಉದ್ದನೆಯ ಕಟ್ಟೆ, ಅದರ ಮೇಲೆ ಸಾಲಾಗಿ ನಳಗಳು, ನಡುನಡುವೆ ಸೋಪಿಡುವ ಗೂಡು. ಕಟ್ಟೆಯ ಎತ್ತರ ಸರಿಯಾಗಿದೆಯೋ ಇಲ್ಲವೋ ನೋಡಲು ದ್ಯಾಮಕ್ಕನನ್ನೇ ನಿಲ್ಲಿಸಿ ಅಳತೆ ಮಾಡಿಸಿದೆ.

ಆದರೆ ದ್ಯಾಮಕ್ಕ ಇಳಿದುಹೋಗುತ್ತಿದ್ದಳು. ನಡುವೆ ಇನ್ನೊಂದು ಸಲ ಜ್ವರ ಬಂದು ಮಲಗಿದಳು. ಎದ್ದು ಬಂದಾಗ ಕುಪ್ಪಸದ ತೋಳು ಜೋಲುತ್ತಿತ್ತು. ಗುಳಿಗೆ ನುಂಗಲು ಬೇಕಾದಷ್ಟೇ ನೀರು ಕುಡಿಯುತ್ತಾಳೆ ಎಂದು ಮಗಳು ಬಂದು ನನ್ನ ಹತ್ತಿರ ಅತ್ತಳು. ನಾನು ಬೈದೆ. ದ್ಯಾಮಕ್ಕ ನನ್ನನ್ನು ಸುಮ್ಮನೆ ನೋಡಿ, "ಲಗೂ ಮುಗಸು ತಂಗೀ" ಅಂದಳು.

ಮುಗಿಸಿದೆ. ಸುಣ್ಣ-ಬಣ್ಣ ಆಯಿತು, ನೀರು ಬಂತು, ನಾನೇ ಎಲ್ಲ ನಳ ಒತ್ತಿ ನೋಡಿದೆ. ಅದೇ ವಾರ ಲೋಕಸಭೆ ಚುನಾವಣೆ ಘೋಷಣೆಯಾಯಿತು. ನೀತಿ ಸಂಹಿತೆ. ಹೆಸರು ಕೊರೆದ ಕಲ್ಲಿಗೆ ಕಾಗದ ಅಂಟಿಸಿದರು, ಬಾಗಿಲಿಗೆ ಬೀಗ ಹಾಕಿದರು.

ಮುಖ್ಯಾಧಿಕಾರಿಯ ಹತ್ತಿರ ಓಡಿದೆ. "ಮೇಡಂ, ಈಗ ಏನೂ ಮಾಡಕ್ಕಾಗಲ್ಲ. ಉದ್ಘಾಟನೆ ಮಾಡಂಗಿಲ್ಲ. ಚುನಾವಣೆ ಮುಗೀಲಿ, ಆಮೇಲೆ ಎಮ್ಮೆಲ್ಲೆ ಸಾಹೇಬ್ರು ಡೇಟ್ ಕೊಡ್ಲಿ" ಅಂದರು. ಚುನಾವಣೆ ಮುಗಿದು, ಡೇಟು ಸಿಕ್ಕು, ಪೆಂಡಾಲು ಹಾಕುವ ಹೊತ್ತಿಗೆ ಸುಗ್ಗಿಯೂ ಮುಗಿದಿರುತ್ತದೆ. ರಾಶಿಗಳು ಖಾಲಿಯಾಗಿ ಹೆಣ್ಣುಮಕ್ಕಳು ಮನೆಗೆ ಹೋಗಿರುತ್ತಾರೆ. ದ್ಯಾಮಕ್ಕ ಅಷ್ಟರಲ್ಲಿ ಎಲ್ಲಿಗೆ ಹೋಗಿರುತ್ತಾಳೋ. ದಿನಾ ಮುಂಜಾನೆ ಅವರೆಲ್ಲ ಆ ಬೀಗದ ಮುಂದಿನಿಂದಲೇ ಕೆಲಸಕ್ಕೆ ಹೋಗುತ್ತಿದ್ದರು.

ನಾನು ಮುಖ್ಯಾಧಿಕಾರಿಯ ಕೋಣೆಯಲ್ಲಿ ಹೋಗಿ ಕುಳಿತೆ. ಮಾರನೆಯ ದಿನವೂ ಹೋಗಿ ಕುಳಿತೆ. ಅವರು ಫೈಲು ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ಹೀಗೇ ನಡೆದು ಒಂದು ಮಧ್ಯಾಹ್ನ ಅವರಿಗೇ ತಡೆಯದಾಯಿತು.

"ಮೇಡಂ, ದಯವಿಟ್ಟು ಅರ್ಥ ಮಾಡ್ಕೊಳ್ಳಿ. ಉದ್ಘಾಟನೆ ಮಾಡಿದ್ರೆ ನನ್ನ ಕೆಲಸಕ್ಕೆ ಬರುತ್ತೆ."

"ಉದ್ಘಾಟನಾ ಯಾರಿಗೆ ಬೇಕಾಗೈತ್ರಿ ಸರ್? ಬಾಗಿಲಾ ತಗೀರಿ ಅಂದೆ."

"ಉದ್ಘಾಟನೆ ಇಲ್ದೆ ಹೆಂಗ್ ತೆಗಿಯೋದು?"

"ಕೈಲೆ."

ಅವರು ನಗಲಿಲ್ಲ. ನಾನೂ ನಗಲಿಲ್ಲ. "ಉದ್ಘಾಟನಾ ಇಲ್ಲದ ಬಾಗಿಲಾ ತಗೀಬಾರದು ಅಂತ ಯಾವ ಕಾಯ್ದೇದಾಗ ಐತಿ, ತೋರಸ್ರಿ. ನಾ ಎದ್ದ ಹೋಗ್ತೇನಿ" ಅಂದೆ.

ಸುತ್ತೋಲೆ ತೆಗೆದು ಓದಿದರು. ಇನ್ನೊಂದು ಸಲ ಓದಿದರು. "ಸಮಾರಂಭ ಮಾಡಬಾರದು ಅಂತಿದೆ" ಅಂದರು. ಕಾಯ್ದೆಯಲ್ಲಿ ಇರಲಿಲ್ಲ, ರೂಢಿಯಲ್ಲಿ ಇತ್ತು ಅಷ್ಟೇ. ನಮ್ಮಲ್ಲಿ ಟೇಪು ಕತ್ತರಿಸದೆ ಒಂದು ಕೊಳವೆಬಾವಿಯ ನೀರನ್ನೂ ಕುಡಿದವರಿಲ್ಲ.

ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಡ್ರಾಯರ್ ಎಳೆದು ಕೀಲಿಕೈ ತೆಗೆದು ಮೇಜಿನ ಮೇಲೆ, ನನ್ನ ಕಡೆಗೆ ಇಟ್ಟರು.

"ಬಿಸಿಲಿಗೆ ಬೀಗ ಹಿಡ್ಕೊಂಡಿರುತ್ತೆ. ಯಾರಾದ್ರೂ ಎಣ್ಣೆ ಬಿಟ್ಟು ತೆಗೆದು ನೋಡೋದು ಒಳ್ಳೇದು" ಅಂದರು. ಎದ್ದು ನಿಂತು, "ನಾನು ಊಟಕ್ಕೆ ಹೋಗ್ತೀನಿ" ಅಂದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ನಾನು ಎಣ್ಣೆ ಬಿಡಲಿಲ್ಲ. ಹಾಗೇ ನಡೆದು ಹೋಗಿ ಬೀಗ ತೆಗೆದೆ. ಎರಡೂ ಬಾಗಿಲು ಗೋಡೆಗೆ ಬಡಿಯುವಂತೆ ದೂಡಿದೆ. ಆ ಸದ್ದಿಗೆ ರಾಶಿಯ ಸುತ್ತ ಕುಳಿತವರೆಲ್ಲ ತಲೆ ಎತ್ತಿದರು.

"ಬರ್ರೆವಾ" ಅಂದೆ.

ಯಾರೂ ಏಳಲಿಲ್ಲ. ಟೇಪಿಲ್ಲ, ತೆಂಗಿನಕಾಯಿಯಿಲ್ಲ, ದೊಡ್ಡವರು ಯಾರೂ ಇಲ್ಲ. ಇದೇನೋ ಕದ್ದು ಮಾಡುವ ಕೆಲಸವೆಂದು ಅವರಿಗೆ ಅನಿಸಿರಬೇಕು. ಒಬ್ಬಳು "ಯಾರಾರ ಬೈತಾರ್ರಿ" ಅಂದಳು. ಆಗ ದ್ಯಾಮಕ್ಕ ಮೊಣಕಾಲಿಗೆ ಕೈಕೊಟ್ಟು ಎದ್ದಳು. ನಿಧಾನವಾಗಿ ಕಟ್ಟೆಯ ಹತ್ತಿರ ಬಂದಳು. ಮೊಣಕೈಯಿಂದ ನಳ ಒತ್ತಿದಳು. ಸೋಪು ಹಚ್ಚಿ ತೊಳೆದಳು, ಮೂಸಿ ನೋಡಿದಳು, ಇನ್ನೊಮ್ಮೆ ಹಚ್ಚಿ ಮೊಣಕೈಯವರೆಗೆ ತಿಕ್ಕಿ ತೊಳೆದಳು. ಆಮೇಲೆ ಒಳಗೆ ಹೋದಳು. ಅಗಳಿ ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು.

ಹೊರಗೆ ಬರುವುದು ಸ್ವಲ್ಪ ತಡವಾಯಿತು. "ಏ ದ್ಯಾಮಕ್ಕ, ಅಲ್ಲೇ ಸಂಸಾರ ಹೂಡಿದಿ ಏನ ಬೇ?" ಎಂದು ಯಾರೋ ಕೂಗಿದರು, ನಗು ಎದ್ದಿತು. ದ್ಯಾಮಕ್ಕ ಬಂದು ನನ್ನ ಮುಂದೆ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಹಗಲಿನ್ಯಾಗ ಇಷ್ಟ ಹಗರ ಇರ್ತೈತಿ ಜೀವಾ ಅಂತ ಮರತ ಹೋಗಿತ್ತ ನೋಡ ತಂಗೀ" ಅಂದಳು. ನನಗೆ ಅಳು ಬಂತು. ಘಾಟಿನ ಊರಲ್ಲಿ ಅಳುವವರನ್ನು ಯಾಕೆಂದು ಯಾರೂ ಕೇಳುವುದಿಲ್ಲ, ಹಾಗಾಗಿ ನಿಂತು ಅತ್ತೆ. ಅಷ್ಟರಲ್ಲಿ ಕಟ್ಟೆಯ ಮುಂದೆ ಸಾಲು ನಿಂತಿತ್ತು.

ಯಾರು ಫೋನು ಮಾಡಿದ್ದರೋ, ಮಲ್ಲಣ್ಣ ಸಾವ್ಕಾರರ ಕಾರು ಧೂಳೆಬ್ಬಿಸುತ್ತ ಬಂತು. ಇಳಿದವರೇ ತೆರೆದ ಬಾಗಿಲು ನೋಡಿದರು, ಸಾಲು ನೋಡಿದರು, ಕಾಗದ ಅಂಟಿಸಿದ ಕಲ್ಲಿನ ಕಡೆ ನೋಡಿದರು.

"ಯಾರ ಮಾಡಿದ್ರು ಉದ್ಘಾಟನಾ? ನಾಳಿಗೆ ಯಾರಾರ ಫೋಟೋ ಹಾಕಿದ್ರ ಕೇಸ್ ಬರೂದು ನನ್ನ ಮ್ಯಾಲ. ಯಾರ ಮಾಡಿದ್ರು ಹೇಳ್ರಿ."

ನಾನು ಮುಂದೆ ಬಂದು ಬಾಯಿ ತೆರೆದೆ. ಅಷ್ಟರಲ್ಲಿ ರಾಶಿಯ ಆಚೆಯಿಂದ ದನಿ ಬಂತು.

"ನಾನ ಮಾಡೇನ್ರಿ ಸಾವ್ಕಾರ್ರ."

ಹುಟ್ಟಿದಾರಭ್ಯ ಆ ಮನೆತನದವರ ಮುಂದೆ ತಲೆ ಎತ್ತಿ ಒಂದು ಮಾತು ಆಡಿದವಳಲ್ಲ ದ್ಯಾಮಕ್ಕ. ತನ್ನ ಜಾಗದಲ್ಲಿ ಮತ್ತೆ ಕುಳಿತಿದ್ದಳು. ಅಧ್ಯಕ್ಷರು ಆಕೆಯ ಕಡೆ ತಿರುಗಿದರು. ಆಕೆ ಅವರನ್ನೇ ನೋಡುತ್ತ, ಪಕ್ಕದವಳು ನಳದಲ್ಲಿ ತುಂಬಿ ತಂದಿದ್ದ ನೀರಿನ ಬಾಟಲಿ ಇಸಿದುಕೊಂಡು, ಬೂಚು ತೆಗೆದು, ಗಂಟಲು ಏರಿಳಿಯುವಂತೆ ಕೊನೆಯ ಹನಿಯವರೆಗೂ ಕುಡಿದಳು. ಬಾಯಿ ಒರೆಸಿಕೊಂಡಳು.

"ಸಂಜೀ ಮುಂದ ಇನ್ನೊಮ್ಮೆ ಮಾಡ್ತೇನ್ರಿ" ಅಂದಳು.